ನಾಜಿಗಳನ್ನು ಬಿಟ್ಟು ಬಂದವನೇ ಪರದೆ ಮೇಲೆ ನಾಜಿ ಆದ: ಕಾನ್ರಾಡ್ ಫೈಟ್ ಬಗ್ಗೆ ಮಾತಾಡೋಣ

ಕರಿಬಿಳುಪು:

'ಕ್ಯಾಸಾಬ್ಲಾಂಕಾ' ಅನ್ನೋ ಹಾಲಿವುಡ್ ಚಿತ್ರ ನೋಡಿದವರಿಗೆಲ್ಲ ಅದರ ನಾಜಿ ಅಧಿಕಾರಿ ಮೇಜರ್ ಸ್ಟ್ರಾಸರ್ ನೆನಪಿರುತ್ತಾನೆ. ಎತ್ತರದ ಆಳು, ಬಿಗಿದ ಮುಖ, ಮಾತು ಮೆಲ್ಲಗೆ. ಇಲ್ಲೇ ಇನ್ನೊಂದು ಚರ್ಚೆಯಲ್ಲಿ ಒಬ್ಬರು "ಆ ಮನುಷ್ಯ ನಿಜವಾಗ್ಲೂ ನಾಜಿನೇ ಇರಬೇಕು, ಮುಖದಲ್ಲೇ ಬರೆದಿದೆ" ಅಂತ ಹಾಕಿದ್ದರು. ಅದನ್ನು ಓದಿ ಸುಮ್ನೆ ಇರೋಕೆ ಮನಸ್ಸಾಗಲಿಲ್ಲ. ಆ ಪಾತ್ರ ಮಾಡಿದ ಕಾನ್ರಾಡ್ ಫೈಟ್ ನಾಜಿಗಳ ಕಾರಣಕ್ಕೇ ಊರು ಬಿಟ್ಟವನು. ತಾನು ಹುಟ್ಟಿ ಬೆಳೆದ ಭಾಷೆಯ ರಂಗಭೂಮಿಯನ್ನೂ ಬಿಟ್ಟು ಹೋದವನು. ಅವನ ಕಥೆ ಕನ್ನಡದಲ್ಲಿ ಒಂದು ಕಡೆ ಇರಲಿ ಅಂತ ಇದನ್ನು ಶುರು ಮಾಡ್ತಿದ್ದೇನೆ. ಗೊತ್ತಿದ್ದವರು ಸೇರಿಸಿ.

ಹುಟ್ಟಿದ್ದು ಬರ್ಲಿನ್‌ನಲ್ಲಿ, 1893ರ ಜನವರಿ 22. ಅಪ್ಪ ಮೊದಲು ಸೈನ್ಯದಲ್ಲಿದ್ದು ಆಮೇಲೆ ಸರ್ಕಾರಿ ಕೆಲಸಕ್ಕೆ ಬಂದವರು, ಮನೆಯಲ್ಲಿ ಭಾರಿ ಶಿಸ್ತು. ಲೂಥರನ್ ಕ್ರೈಸ್ತ ಕುಟುಂಬ, ಯಹೂದಿಗಳಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅಪ್ಪನಿಗೆ ಹೃದಯದ ಆಪರೇಷನ್ ಆದಾಗ ಡಾಕ್ಟರು ಆ ಮನೆಯವರ ಕೈಲಿ ಆದಷ್ಟೇ ದುಡ್ಡು ತಗೊಂಡರಂತೆ. ಅದನ್ನು ನೋಡಿದ ಹುಡುಗನಿಗೆ ತಾನೂ ಸರ್ಜನ್ ಆಗಬೇಕು ಅನ್ನೋ ಆಸೆ ಹುಟ್ಟಿತು. ಆದರೆ ಓದು ಹತ್ತಲಿಲ್ಲ. 1912ರಲ್ಲಿ ಶಾಲೆ ಮುಗಿಸುವಾಗ 13 ಹುಡುಗರ ತರಗತಿಯಲ್ಲಿ 13ನೇ ಸ್ಥಾನ.

ಶಾಲೆಯ ಕ್ರಿಸ್‌ಮಸ್ ನಾಟಕವೊಂದರಲ್ಲಿ ರಂಗದ ಮೇಲೆ ನಿಂತಿದ್ದೇ ತಡ, ನಾಟಕದ ಹುಚ್ಚು ಹತ್ತಿತು. ಬರ್ಲಿನ್‌ನ ಡಾಯ್ಚಸ್ ಥಿಯೇಟರ್ ಆಗ ನಾಟಕ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಕೈಯಲ್ಲಿತ್ತು. ಯುರೋಪಿನಲ್ಲೇ ದೊಡ್ಡ ಹೆಸರು. ಈ ಹುಡುಗ ಅದರ ಬಾಗಿಲ ಹತ್ತಿರ ಸುಳಿದಾಡ್ತಿದ್ದ. ಬಾಗಿಲು ಕಾಯುವವನೇ ಕನಿಕರಪಟ್ಟು ಒಬ್ಬ ನಟನ ಪರಿಚಯ ಮಾಡಿಸಿದ. ಆ ನಟ ಒಂದು ಪಾಠಕ್ಕೆ ಆರು ಮಾರ್ಕ್ ತಗೊಂಡು ಕಲಿಸಿದ. ಆಮೇಲೆ ರೈನ್‌ಹಾರ್ಟ್ ಎದುರು ಗಯಟೆಯ 'ಫೌಸ್ಟ್' ನಾಟಕದ ಮಾತುಗಳನ್ನು ಹೇಳೋ ಅವಕಾಶ ಸಿಕ್ಕಿತು. ಇವನು ಹೇಳ್ತಿದ್ದಷ್ಟು ಹೊತ್ತೂ ಆ ಪುಣ್ಯಾತ್ಮ ಕಿಟಕಿಯಿಂದ ಆಚೆ ನೋಡ್ತಿದ್ದರಂತೆ. ಆದರೂ ಕೆಲಸ ಸಿಕ್ಕಿತು. ತಿಂಗಳಿಗೆ 50 ಮಾರ್ಕ್, ಈಟಿ ಹಿಡಿದು ಹಿಂದೆ ನಿಲ್ಲುವ ಸೈನಿಕನ ಪಾತ್ರಗಳು. ಅಮ್ಮ ಮಾತ್ರ ಹೆಚ್ಚುಕಡಿಮೆ ಪ್ರತಿ ಪ್ರದರ್ಶನಕ್ಕೂ ಬಂದು ಕೂರುತ್ತಿದ್ದರು. ನನಗೆ ಅವನ ಇಡೀ ಬಾಳಿನಲ್ಲಿ ತುಂಬಾ ಇಷ್ಟವಾಗುವ ಸಂಗತಿ ಇದು. ಗುಂಪಿನಲ್ಲಿ ಒಂದು ಮಾತೂ ಇಲ್ಲದೆ ನಿಂತಿರುವ ಮಗನನ್ನು ನೋಡೋಕೆ ಆ ತಾಯಿ ಹಾಗೆ ಬರುತ್ತಿದ್ದರು.

1914ರಲ್ಲಿ ಯುದ್ಧ ಶುರುವಾಯಿತು. ಡಿಸೆಂಬರ್ ಕೊನೆಯಲ್ಲಿ ಇವನಿಗೂ ಕರೆ ಬಂತು. ಮುಂದಿನ ವರ್ಷ ಪೂರ್ವದ ರಣರಂಗಕ್ಕೆ ಹೋದ. ಅಲ್ಲಿ ಕಾಮಾಲೆ, ನ್ಯುಮೋನಿಯಾ ಎರಡೂ ಹಿಡಿದು ಬಾಲ್ಟಿಕ್ ಕರಾವಳಿಯ ಆಸ್ಪತ್ರೆ ಸೇರಿದ. ಸೈನಿಕರಿಗೆ ನಾಟಕ ಆಡುವ ಒಂದು ತಂಡ ಲಿಬಾವ್ ಊರಿನಲ್ಲಿತ್ತು, ಈಗಿನ ಲಾಟ್ವಿಯಾದಲ್ಲಿದೆ ಆ ಊರು. ಅಲ್ಲಿಗೆ ಸೇರಿಸಿದರು. 1917ರ ಶುರುವಿನಲ್ಲಿ ಸೈನ್ಯದಿಂದ ಬಿಡುಗಡೆಯಾಗಿ ಮತ್ತೆ ರೈನ್‌ಹಾರ್ಟ್ ಹತ್ತಿರ ಬಂದ. ಸಿನಿಮಾ ಶುರುವಾಗಿದ್ದೂ ಅದೇ ವರ್ಷ.

ಮೊದಲಸಾಲು:

ಒಳ್ಳೇ ವಿಷಯ ತೆಗೆದಿರಿ. ಆದರೆ ಒಂದು ನೇರ ಪ್ರಶ್ನೆ. ಇವನ ಹೆಸರು ಬಂದಲ್ಲೆಲ್ಲ 'ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ' ಅನ್ನೋ ಜರ್ಮನ್ ಮೂಕಿ ಚಿತ್ರದ ಹೆಸರೂ ಬರುತ್ತೆ. ನಾನು ನೋಡಿದೆ. ನಟನೆ ಜಾಸ್ತಿ ಆಯ್ತು ಅನ್ನಿಸ್ತು. ಕಣ್ಣು ಅರಳಿಸೋದು, ಬೆರಳು ಸೆಟೆಸೋದು. ಮೂಕಿ ಕಾಲದಲ್ಲಿ ಎಲ್ಲರೂ ಹೀಗೇ ಮಾಡ್ತಿದ್ರು ಅಂತ ಬಿಟ್ಟುಬಿಡಬೇಕಾ, ಅಥವಾ ಇದರಲ್ಲಿ ನಾನು ಕಾಣದೇ ಇರೋದು ಏನಾದ್ರೂ ಇದೆಯಾ?

ನಾಟಕದಹುಚ್ಚು:

ಮೊದಲಸಾಲು ಅವರೇ, ಇದೆ. ಆ ಚಿತ್ರದಲ್ಲಿ ಎಲ್ಲರೂ ಹಾಗೆ ಮಾಡೋದಿಲ್ಲ. ಇನ್ನೊಂದು ಸಲ ಗಮನಿಸಿ ನೋಡಿ. ನಾಯಕ, ಅವನ ಗೆಳೆಯ, ನಾಯಕಿಯ ಅಪ್ಪ, ಇವರೆಲ್ಲ ಆ ಕಾಲದ ಮಾಮೂಲಿ ರೀತಿಯಲ್ಲೇ ನಟಿಸಿದ್ದಾರೆ. ಬೇರೆ ರೀತಿ ಮಾಡಿರೋದು ಮುಖ್ಯವಾಗಿ ಇಬ್ಬರು. ಡಾಕ್ಟರ್ ಪಾತ್ರದ ವೆರ್ನರ್ ಕ್ರೌಸ್, ಆ ಡಾಕ್ಟರ್ ಹೇಳಿದ ಹಾಗೆ ನಿದ್ದೆಯಲ್ಲೇ ನಡೆದು ಕೊಲೆ ಮಾಡುವ ಸೀಸರೆ ಪಾತ್ರದ ಫೈಟ್. ಇಬ್ಬರೂ ರೈನ್‌ಹಾರ್ಟ್ ಗರಡಿಯವರು.

ಆ ಸೆಟ್ ಹೇಗಿದೆ ನೋಡಿ. ಗೋಡೆಗಳು ವಾಲಿವೆ, ಕಿಟಕಿ ಸೊಟ್ಟ, ನೆರಳನ್ನೂ ಬೆಳಕನ್ನೂ ಬಣ್ಣದಲ್ಲಿ ಬರೆದಿದ್ದಾರೆ. ಹೆರ್ಮನ್ ವಾರ್ಮ್, ವಾಲ್ಟರ್ ರೈಮನ್, ವಾಲ್ಟರ್ ರೋರಿಗ್ ಮೂವರು ಮಾಡಿದ ಕೆಲಸ. ಅಂಥ ಜಾಗದಲ್ಲಿ ಒಬ್ಬ ಮನುಷ್ಯ ನಮ್ಮ ನಿಮ್ಮ ಹಾಗೆ ನಡೆದರೆ ಸೆಟ್ ಬೇರೆ, ಮನುಷ್ಯ ಬೇರೆ ಆಗಿಬಿಡುತ್ತದೆ. ಫೈಟ್ ಕಪ್ಪು ಬಿಗಿ ಬಟ್ಟೆ ಹಾಕಿಕೊಂಡು ತನ್ನ ಮೈಯನ್ನೇ ಆ ಚಿತ್ರದ ಒಂದು ಗೆರೆ ಮಾಡಿಕೊಂಡಿದ್ದಾನೆ. ರಾತ್ರಿ ಅವನು ನಾಯಕಿಯ ಕೋಣೆಗೆ ಹೋಗುವ ಭಾಗ ನೋಡಿ. ಗೋಡೆಗೆ ಹಲ್ಲಿ ಅಂಟಿಕೊಂಡ ಹಾಗೆ, ಒಂದು ಕೈ ಮೇಲೆ ಚಾಚಿ, ಬೆನ್ನು ಗೋಡೆಗೆ ಒತ್ತಿ ಜಾರಿಕೊಂಡು ಬರುತ್ತಾನೆ. ಗೋಡೆಯಿಂದ ಅವನು ಬೇರೆ ಆಗೋದೇ ಇಲ್ಲ.

ಇನ್ನೊಂದು, ಜಾತ್ರೆಯಲ್ಲಿ ಅವನನ್ನು ಎಬ್ಬಿಸುವ ದೃಶ್ಯ. ಪೆಟ್ಟಿಗೆಯಲ್ಲಿ ನೆಟ್ಟಗೆ ನಿಂತಿದ್ದಾನೆ. ಕ್ಯಾಮೆರಾ ಮುಖದ ಹತ್ತಿರ ಬರುತ್ತೆ. ಮೊದಲು ಮೂಗಿನ ಹೊಳ್ಳೆ, ತುಟಿ ಒಂದಿಷ್ಟು ಅದುರುತ್ತೆ. ರೆಪ್ಪೆ ತೆರೆಯೋಕೆ ಹೋಗಿ ಆಗೋದಿಲ್ಲ. ಕೊನೆಗೆ ಕಣ್ಣು ಬಿಡುತ್ತಾನೆ, ಬಿಟ್ಟ ಮೇಲೂ ಅರಳುತ್ತಲೇ ಹೋಗುತ್ತೆ. ಇದರಲ್ಲಿ ಎಲ್ಲಿದೆ ಅಬ್ಬರ? ಅಷ್ಟು ಸಣ್ಣ ಸಣ್ಣ ಚಲನೆಯನ್ನು ಒಂದೊಂದಾಗಿ ಬಿಡಿಸಿಟ್ಟಿದ್ದಾನೆ. ನಾಟಕದಲ್ಲಿ ಕೊನೇ ಸಾಲಿಗೆ ಕಾಣಬೇಕು ಅಂತ ದೊಡ್ಡದಾಗಿ ಮಾಡೋ ಅಭ್ಯಾಸ ಇದ್ದವನು ಕ್ಯಾಮೆರಾಗೆ ಎಷ್ಟು ಸಾಕು ಅನ್ನೋದನ್ನು ಮೂರೇ ವರ್ಷದಲ್ಲಿ ಕಲಿತುಬಿಟ್ಟಿದ್ದ. ಚಿತ್ರ ಬಿಡುಗಡೆ ಆಗಿದ್ದು 1920ರ ಫೆಬ್ರವರಿಯಲ್ಲಿ.

ಬರ್ಲಿನ್‌ವಾಸಿ:

ನಾನಿರೋದು ಇಲ್ಲೇ, ಅದಕ್ಕೆ ಒಂದು ಮಾತು. ಡಾಯ್ಚಸ್ ಥಿಯೇಟರ್ ಶೂಮನ್‌ಸ್ಟ್ರಾಸೆಯಲ್ಲಿ ಇವತ್ತಿಗೂ ನಡೀತಿದೆ, ಅದೇ ಕಟ್ಟಡ. ನಾಟಕ ಅರ್ಥ ಆಗೋಕೆ ಜರ್ಮನ್ ಸ್ವಲ್ಪ ಚೆನ್ನಾಗಿ ಬರಬೇಕು, ಆದರೂ ಬರ್ಲಿನ್‌ಗೆ ಬಂದವರು ಒಂದು ಸಲ ಹೋಗಿ.

ಆದರೆ ಕರಿಬಿಳುಪು ಅವರೇ, ಕ್ಯಾಲಿಗರಿಗೂ ಮೊದಲು ಬಂದ ಒಂದು ಚಿತ್ರ ಬಿಟ್ಟಿರಿ. 1919ರ 'ಆಂಡರ್ಸ್ ಆಲ್ಸ್ ಡೀ ಆಂಡರ್ನ್', ಅಂದರೆ 'ಉಳಿದವರಿಗಿಂತ ಬೇರೆ'. ನನ್ನ ಲೆಕ್ಕದಲ್ಲಿ ಫೈಟ್ ಎಂಥ ಮನುಷ್ಯ ಅಂತ ಮೊದಲು ಗೊತ್ತಾಗೋದು ಅಲ್ಲೇ.

ಕರಿಬಿಳುಪು:

ಅದನ್ನು ಬಿಡೋದುಂಟೇ, ಅದಕ್ಕೇ ಬರ್ತಿದ್ದೆ. ಗೊತ್ತಿಲ್ಲದವರಿಗೆ ಹೇಳ್ತೇನೆ.

ಜರ್ಮನಿಯ ಕಾನೂನಿನಲ್ಲಿ 175ನೇ ಕಲಂ ಅಂತ ಇತ್ತು. ಗಂಡಸರ ನಡುವಿನ ಸಂಬಂಧ ಅದರ ಪ್ರಕಾರ ಅಪರಾಧ. ನಮ್ಮಲ್ಲಿ 377 ಇದ್ದ ಹಾಗೆ. ಈ ಕಾನೂನಿನ ಹೆದರಿಕೆ ತೋರಿಸಿ ದುಡ್ಡು ಕೀಳುವವರು ಹೆಚ್ಚಾಗಿದ್ದರು. ರಿಚರ್ಡ್ ಓಸ್ವಾಲ್ಡ್ ಅನ್ನೋ ನಿರ್ದೇಶಕ, ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಅನ್ನೋ ಡಾಕ್ಟರ್ ಸೇರಿ ಇದರ ವಿರುದ್ಧವೇ ಒಂದು ಚಿತ್ರ ಮಾಡಿದರು. ಹಿರ್ಷ್‌ಫೆಲ್ಡ್ ಅದರಲ್ಲಿ ಡಾಕ್ಟರಾಗಿ ತಾವೇ ಕಾಣಿಸಿಕೊಂಡಿದ್ದಾರೆ. ಫೈಟ್‌ದು ಪಾಲ್ ಕೋರ್ನರ್ ಅನ್ನೋ ಪಿಟೀಲು ವಾದಕನ ಪಾತ್ರ. ಅವನಿಗೆ ಒಬ್ಬ ಶಿಷ್ಯನ ಮೇಲೆ ಪ್ರೀತಿ. ಅದನ್ನು ತಿಳಿದ ಒಬ್ಬ ದುಡ್ಡು ಕೊಡು ಅಂತ ಬೆನ್ನು ಹತ್ತುತ್ತಾನೆ. ಕೊಟ್ಟು ಕೊಟ್ಟು ಸಾಕಾಗಿ ಕೋರ್ಟಿಗೆ ಹೋದರೆ ಅವನ ಜೊತೆ ಇವನಿಗೂ ಶಿಕ್ಷೆ ಆಗುತ್ತೆ. ಕೆಲಸ ಹೋಗುತ್ತೆ, ಮನೆಯವರು ದೂರ ಆಗುತ್ತಾರೆ, ಕೊನೆಗೆ ಜೀವ ಕಳೆದುಕೊಳ್ಳುತ್ತಾನೆ.

1919ರಲ್ಲಿ ಇಂಥ ಪಾತ್ರವನ್ನು, ಅದೂ ಆಗಷ್ಟೇ ಹೆಸರು ಮಾಡ್ತಿರೋ 26ರ ಹುಡುಗ, ಪೂರ್ತಿ ಮರ್ಯಾದೆಯಿಂದ ಮಾಡಿದ್ದಾನೆ. ಎಲ್ಲೂ ಗೇಲಿ ಇಲ್ಲ. ಚಿತ್ರಮಂದಿರಗಳಲ್ಲಿ ಗಲಾಟೆ ಆಯ್ತು. ಸೆನ್ಸಾರ್ ಮತ್ತೆ ಬಂದ ಮೇಲೆ 1920ರಲ್ಲೇ ಸಾರ್ವಜನಿಕರಿಗೆ ತೋರಿಸಬಾರದು ಅಂತ ನಿಷೇಧವೂ ಆಯ್ತು. ನಾಜಿಗಳ ಕಾಲದಲ್ಲಿ ಪ್ರತಿಗಳನ್ನು ಹುಡುಕಿ ನಾಶ ಮಾಡಿದರು. ಹಿರ್ಷ್‌ಫೆಲ್ಡ್ ಇದರ ಒಂದಷ್ಟು ಭಾಗವನ್ನು 1927ರ ಇನ್ನೊಂದು ಚಿತ್ರಕ್ಕೆ ಸೇರಿಸಿಕೊಂಡಿದ್ದರು, ಅದರಿಂದಾಗಿ ಅಷ್ಟು ಉಳಿಯಿತು. ಉಳಿದಿದ್ದರಲ್ಲೇ ಆ ಕೋರ್ಟಿನ ಆಮೇಲಿನ ಮುಖ ಇದೆ, ನೋಡಿ. ಆ 175ನೇ ಕಲಂ ಪೂರ್ತಿ ಹೋಗಿದ್ದು 1994ರಲ್ಲಿ. ನಮ್ಮ ಸುಪ್ರೀಂ ಕೋರ್ಟ್ ತೀರ್ಪು 2018ರಲ್ಲಿ ಬಂತು. ಒಂದು ಸಿನಿಮಾ ಎಷ್ಟು ಮುಂಚೆ ಈ ಮಾತು ಎತ್ತಿತ್ತು ಅಂತ ಲೆಕ್ಕ ಹಾಕಿ.

ಸುಮ್ನೆಓದುಗ:

ಬ್ಯಾಟ್‌ಮ್ಯಾನ್ ಕಾಮಿಕ್ಸಿನ ಜೋಕರ್ ಇವನಿಂದಲೇ ಬಂದಿದ್ದು ಅಂತ ಎಲ್ಲೋ ಓದಿದ ನೆನಪು. ಹೌದಾ?

ಕರಿಬಿಳುಪು:

ಹೌದು, ಮುಖ ಅವನದೇ. 'ದಿ ಮ್ಯಾನ್ ಹೂ ಲಾಫ್ಸ್', 1928. ಅಮೆರಿಕದ ನಟ ಜಾನ್ ಬ್ಯಾರಿಮೋರ್ ಕರೆಸಿಕೊಂಡರು ಅಂತ ಫೈಟ್ ಹಾಲಿವುಡ್‌ಗೆ ಹೋಗಿದ್ದ. ಅಲ್ಲಿ ಯೂನಿವರ್ಸಲ್ ಸಂಸ್ಥೆ ವಿಕ್ಟರ್ ಹ್ಯೂಗೋ ಕಾದಂಬರಿಯನ್ನು ಸಿನಿಮಾ ಮಾಡಿತು. ನಿರ್ದೇಶಕ ಪಾಲ್ ಲೆನಿಯೂ ಜರ್ಮನಿಯವನೇ. ಕಥೆ ಏನಪ್ಪಾ ಅಂದರೆ, ಒಬ್ಬ ಹುಡುಗನ ಬಾಯಿಯನ್ನು ಚಿಕ್ಕಂದಿನಲ್ಲೇ ಕೊಯ್ದು ಸದಾ ನಗುವ ಹಾಗೆ ಮಾಡಿಬಿಟ್ಟಿರುತ್ತಾರೆ. ದೊಡ್ಡವನಾಗಿ ಜಾತ್ರೆಗಳಲ್ಲಿ ಕೋಡಂಗಿ ಆಗುತ್ತಾನೆ. ಹೊಟ್ಟೆಯೊಳಗೆ ಎಷ್ಟೇ ಸಂಕಟ ಇರಲಿ, ಮುಖ ನಗುತ್ತಲೇ ಇರಬೇಕು.

ಮೇಕಪ್ ಮಾಡಿದ್ದು ಜ್ಯಾಕ್ ಪಿಯರ್ಸ್. ಬಾಯಿಗೆ ಕಟ್ಟುಹಲ್ಲಿನ ಸೆಟ್ ಹಾಕಿ, ಅದಕ್ಕೆ ಸಿಕ್ಕಿಸಿದ ಕೊಕ್ಕೆಗಳಿಂದ ಬಾಯಿಯ ಎರಡೂ ಮೂಲೆಗಳನ್ನು ಹಿಂದಕ್ಕೆ ಎಳೆದಿಡುತ್ತಿದ್ದರು. ಅದು ಬಾಯಲ್ಲಿದ್ದಾಗ ಮಾತಾಡೋಕೇ ಆಗ್ತಿರಲಿಲ್ಲ. ಮೂಕಿ ಚಿತ್ರವಾದ್ದರಿಂದ ನಡೆಯಿತು. ಅಂದರೆ ಮುಖದ ಕೆಳಗಿನ ಅರ್ಧ ನಟನ ಕೈಯಲ್ಲೇ ಇಲ್ಲ, ಬರೀ ಕಣ್ಣು ಹುಬ್ಬಲ್ಲೇ ಎರಡು ಗಂಟೆ ಚಿತ್ರ ನಡೆಸಬೇಕು. ಜನ ನಗುತ್ತಿದ್ದಾಗ ಅವನು ಬಟ್ಟೆಯಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ. ಮುಚ್ಚಿದ ಕೂಡಲೇ ಆ ಕಣ್ಣಿನಲ್ಲಿ ಎಷ್ಟು ನೋವಿದೆ ಅಂತ ಕಾಣಿಸುತ್ತೆ. ಬಟ್ಟೆ ಸರಿದರೆ ಮತ್ತೆ ಅದೇ ನಗು. ನನಗೆ ಅವನ ಅತಿ ದೊಡ್ಡ ನಟನೆ ಇದೇ ಅನ್ನಿಸುತ್ತೆ. ಕ್ಯಾಲಿಗರಿಗಿಂತ ಇದನ್ನೇ ಮೇಲೆ ಇಡುತ್ತೇನೆ.

ಜೋಕರ್ ಬಂದಿದ್ದು 1940ರಲ್ಲಿ. ಆ ಕಾಮಿಕ್ಸ್ ಮಾಡಿದ ಬಿಲ್ ಫಿಂಗರ್, ಬಾಬ್ ಕೇನ್, ಜೆರ್ರಿ ರಾಬಿನ್ಸನ್ ಮೂವರಲ್ಲಿ ಯಾರದು ಮೊದಲ ಯೋಚನೆ ಅಂತ ಅವರವರಲ್ಲೇ ಒಮ್ಮತ ಇರಲಿಲ್ಲ. ಫೈಟ್‌ನ ಈ ಫೋಟೋ ಆಗ ಮೇಜಿನ ಮೇಲಿತ್ತು ಅನ್ನೋದನ್ನು ಮಾತ್ರ ಒಪ್ಪುತ್ತಾರೆ. ಬೇಜಾರು ಏನಂದರೆ ಸಿನಿಮಾದ ಆ ಮನುಷ್ಯ ತುಂಬಾ ಒಳ್ಳೆಯವನು. ಖಳನಿಗೆ ಬೇಕಾಗಿದ್ದು ಬರೀ ಆ ನಗು.

ಮಾತಿನ ಚಿತ್ರಗಳು ಶುರುವಾದ ಮೇಲೆ ಹಾಲಿವುಡ್‌ನಲ್ಲಿ ಇವನ ಇಂಗ್ಲಿಷ್ ತೊಡಕಾಯಿತು. 1929ರಲ್ಲಿ ಜರ್ಮನಿಗೆ ವಾಪಸ್ ಬಂದ. ಬಂದ ಮೇಲೂ ಬೇಡಿಕೆಗೆ ಕಡಿಮೆ ಇರಲಿಲ್ಲ. 1931ರ 'ಡೇರ್ ಕೊಂಗ್ರೆಸ್ ಟಾಂಟ್ಸ್ಟ್' ದೊಡ್ಡ ಹಿಟ್, ಅದರಲ್ಲಿ ಆಸ್ಟ್ರಿಯಾದ ಮಂತ್ರಿ ಮೆಟರ್ನಿಕ್ ಪಾತ್ರ.

ಮೊದಲಸಾಲು:

ನಾಟಕದಹುಚ್ಚು ಅವರ ಮಾತು ಕೇಳಿ ಕ್ಯಾಲಿಗರಿ ಮತ್ತೆ ಹಾಕಿ ನೋಡಿದೆ. ಆ ಗೋಡೆ ದೃಶ್ಯದ ವಿಷಯ ಒಪ್ಪಿದೆ. ಕಥೆ ಇನ್ನೂ ನಿಧಾನ ಅನ್ನಿಸುತ್ತೆ, ಅದು ಬೇರೆ ಮಾತು. ಈಗ 1933ರ ವಿಷಯ ಹೇಳಿ. ಯಹೂದಿ ಅಲ್ಲದವನಿಗೆ ಓಡಿ ಹೋಗೋ ಅಗತ್ಯ ಏನಿತ್ತು?

ಕರಿಬಿಳುಪು:

ಇದೇ ಕಥೆಯ ಮುಖ್ಯ ಭಾಗ.

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಅವನ ಪ್ರಚಾರ ಮಂತ್ರಿ ಗೋಬೆಲ್ಸ್ ಕೈಗೆ ಸಿನಿಮಾ, ನಾಟಕ ಎಲ್ಲ ಹೋಯಿತು. ಚಿತ್ರರಂಗದಲ್ಲಿ ಕೆಲಸ ಮಾಡುವವರೆಲ್ಲ ತಮ್ಮ ಜನಾಂಗ ಯಾವುದು ಅಂತ ಫಾರಂ ತುಂಬಿ ಕೊಡಬೇಕಾಯಿತು. ಫೈಟ್ ಆಗಷ್ಟೇ ಲಿಲಿ ಪ್ರಾಗರ್ ಅನ್ನುವವರನ್ನು ಮದುವೆ ಆಗಿದ್ದ. ಅವರು ಯಹೂದಿ. ಇವನದು ಮೂರನೇ ಮದುವೆ. ಫೈಟ್‌ಗೆ ನಾಜಿಗಳ ಮೇಲೆ ಮೊದಲಿನಿಂದಲೂ ಸಿಟ್ಟಿತ್ತು. ಆದರೂ ಅವನು ದೊಡ್ಡ ನಟ, ಯಹೂದಿ ಅಲ್ಲ. ಹೆಂಡತಿಯನ್ನು ಬಿಟ್ಟು, ತಲೆ ತಗ್ಗಿಸಿಕೊಂಡು ಇದ್ದಿದ್ದರೆ ಮುಂದಿನ ಹನ್ನೆರಡು ವರ್ಷ ಅವನಿಗೆ ಯಾವ ಕೊರತೆಯೂ ಆಗುತ್ತಿರಲಿಲ್ಲ. ಆ ಫಾರಂನಲ್ಲಿ ಅವನು ತನ್ನ ಜನಾಂಗದ ಎದುರು 'ಯಹೂದಿ' ಅಂತ ಬರೆದ. ಅವನ ಬಗ್ಗೆ ಬರೆದವರೆಲ್ಲ ಹೇಳುವ ಮಾತಿದು. ಇಬ್ಬರೂ ಏಪ್ರಿಲ್‌ನಲ್ಲಿ ಇಂಗ್ಲೆಂಡಿಗೆ ಹೋದರು.

ಹೋದವನು ಸುಮ್ಮನೆ ಕೂರಲಿಲ್ಲ. 1933ರಲ್ಲಿ 'ದಿ ವಾಂಡರಿಂಗ್ ಜೂ', 1934ರಲ್ಲಿ 'ಜೂ ಸ್ಯೂಸ್'. ಎರಡರಲ್ಲೂ ಯಹೂದಿ ಪಾತ್ರ, ಎರಡೂ ಯಹೂದಿಗಳ ಪರ. ಎರಡನೆಯದು ಲಯನ್ ಫಾಯ್ಕ್ಟ್‌ವಾಂಗರ್ ಕಾದಂಬರಿ ಆಧಾರಿತ. ಅದರ ಮಧ್ಯೆ 'ವಿಲಿಯಂ ಟೆಲ್' ಚಿತ್ರದ ಕೆಲಸಕ್ಕೆ ಜರ್ಮನಿಗೆ ಹೋಗಬೇಕಾಯಿತು. ಅಲ್ಲಿ ಅವನನ್ನು ತಡೆದಿಟ್ಟುಕೊಂಡರು. ಕಾಯಿಲೆ ಬಿದ್ದಿದ್ದಾನೆ, ಪ್ರಯಾಣ ಮಾಡೋಕಾಗಲ್ಲ ಅಂತ ಇಂಗ್ಲೆಂಡಿಗೆ ಹೇಳಿ ಕಳಿಸಿದರು. ಗಾಮಾಂಟ್ ಬ್ರಿಟಿಷ್ ಕಂಪನಿಯವರು ತಮ್ಮದೇ ಡಾಕ್ಟರನ್ನು ಕಳಿಸಿದರು, ಆಮೇಲೆ ಬಿಟ್ಟರು.

ಅದೇ ಸ್ಯೂಸ್ ಕಥೆಯನ್ನು 1940ರಲ್ಲಿ ನಾಜಿಗಳು ತಮಗೆ ಬೇಕಾದ ಹಾಗೆ ತಿರುಚಿ ಇನ್ನೊಂದು ಚಿತ್ರ ಮಾಡಿದರು. ನಿರ್ದೇಶಕ ಫೈಟ್ ಹಾರ್ಲಾನ್, ಅದು ಬೇರೆಯವನು, ಗೊಂದಲ ಬೇಡ. ಯಹೂದಿಗಳ ಮೇಲೆ ದ್ವೇಷ ಕಾರುವ ಚಿತ್ರ. ನಾಜಿಗಳ ಎಸ್‌ಎಸ್ ಪಡೆಯವರೆಲ್ಲ ನೋಡಲೇಬೇಕು ಅಂತ ಆ ಪಡೆಯ ಮುಖ್ಯಸ್ಥ ಹಿಮ್ಲರ್ ಆಜ್ಞೆ ಮಾಡಿದ್ದ. ಅದರಲ್ಲಿ ಹಲವು ಯಹೂದಿ ಪಾತ್ರಗಳನ್ನು ಒಬ್ಬನೇ ಮಾಡಿದ್ದು ಯಾರು ಗೊತ್ತಾ? ವೆರ್ನರ್ ಕ್ರೌಸ್. ಕ್ಯಾಲಿಗರಿ ಡಾಕ್ಟರು.

ನಾಟಕದಹುಚ್ಚು:

ಇಲ್ಲಿ ನಾನು ಸ್ವಲ್ಪ ಬೇರೆ ಮಾತು ಹೇಳಬೇಕು. ಕ್ರೌಸ್ ಮಾಡಿದ್ದನ್ನು ಸರಿ ಅಂತ ಯಾರೂ ಹೇಳೋಕಾಗಲ್ಲ. ಆದರೆ ಜರ್ಮನಿಯಲ್ಲೇ ಉಳಿದುಕೊಂಡವರೆಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಡಿ. ರಂಗದ ನಟನಿಗೆ ಭಾಷೆ ಬಿಟ್ಟರೆ ಬೇರೆ ಬಂಡವಾಳ ಇಲ್ಲ. ಚಿತ್ರ ಬರೆಯುವವನು, ಸಂಗೀತಗಾರ ಎಲ್ಲಿ ಹೋದರೂ ಬದುಕಿಕೊಳ್ಳಬಹುದು. ನಲವತ್ತು ವಯಸ್ಸಿನಲ್ಲಿ ಇನ್ನೊಂದು ಭಾಷೆಯಲ್ಲಿ ಮಾತು ಒಪ್ಪಿಸಿ ಹೊಟ್ಟೆ ಹೊರೆಯಬೇಕು ಅಂದರೆ ಸಾಮಾನ್ಯ ನಟನಿಗೆ ಅದು ಕೆಲಸ ಬಿಟ್ಟ ಹಾಗೇನೇ. ಫೈಟ್‌ಗೆ ಹೊರಗಡೆ ಆಗಲೇ ಹೆಸರಿತ್ತು, ಕರೆಯುವವರಿದ್ದರು.

ಕರಿಬಿಳುಪು:

ನಿಮ್ಮ ಮಾತು ಒಪ್ಪುತ್ತೇನೆ, ಪೂರ್ತಿ ಅಲ್ಲ. ಹೊರಗೆ ಹೆಸರಿದ್ದವರೂ ಉಳಿದರಲ್ಲ? ಎಮಿಲ್ ಯಾನಿಂಗ್ಸ್ ನೋಡಿ. ಉತ್ತಮ ನಟ ಅಂತ ಮೊಟ್ಟಮೊದಲ ಆಸ್ಕರ್ ತಗೊಂಡವನು, ಅಮೆರಿಕದಲ್ಲಿ ದುಡಿದು ಬಂದವನು. ಅವನು ಉಳಿದ, ಪ್ರಚಾರದ ಚಿತ್ರಗಳಲ್ಲೂ ನಟಿಸಿದ. ಫೈಟ್‌ನ ಮೊದಲ ಹೆಂಡತಿ ಗುಸ್ಸಿ ಹೊಲ್ ಆಮೇಲೆ ಮದುವೆ ಆಗಿದ್ದು ಈ ಯಾನಿಂಗ್ಸ್‌ನನ್ನೇ. ಒಂದೇ ರಂಗ, ಒಂದೇ ಬಳಗ. ಯುದ್ಧ ಮುಗಿದ ಮೇಲೆ ಯಾನಿಂಗ್ಸ್ ಮತ್ತೆ ಸಿನಿಮಾ ಮಾಡಲಿಲ್ಲ. ಕ್ರೌಸ್‌ಗೆ ಸ್ವಲ್ಪ ಕಾಲ ನಿಷೇಧ ಇತ್ತು, ಆದರೆ 1954ರಲ್ಲಿ ಜರ್ಮನ್ ರಂಗದ ಅತಿ ದೊಡ್ಡ ಗೌರವ ಅನ್ನುವ ಇಫ್‌ಲಾಂಡ್ ಉಂಗುರ ಅವನ ಬೆರಳಿಗೇ ಬಂತು. ಇದನ್ನು ಓದಿದಾಗ ನನಗೆ ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತೆ.

ಬರ್ಲಿನ್‌ವಾಸಿ:

ಉಳಿದವರಲ್ಲಿ ಯೋಆಖಿಮ್ ಗಾಟ್‌ಶಾಲ್ಕ್ ಕೂಡ ಇದ್ದ, ಅವನನ್ನು ಮರೆಯಬೇಡಿ. ರಂಗನಟ, ಸಿನಿಮಾದಲ್ಲೂ ಹೆಂಗಸರ ಮೆಚ್ಚಿನ ನಾಯಕ. ಹೆಂಡತಿ ಮೆಟಾ ಯಹೂದಿ. ಬಿಟ್ಟುಬಿಡು ಅಂತ ಒತ್ತಡ ಬಂತು, ಬಿಡಲಿಲ್ಲ. ಕೆಲಸ ನಿಲ್ಲಿಸಿದರು. 1941ರ ನವೆಂಬರ್‌ನಲ್ಲಿ ಹೆಂಡತಿ, ಮಗುವನ್ನು ನಾಜಿ ಶಿಬಿರಕ್ಕೆ ಸಾಗಿಸುತ್ತಾರೆ ಅಂತ ಗೊತ್ತಾದಾಗ ಗಂಡ, ಹೆಂಡತಿ, ಎಂಟು ವರ್ಷದ ಮಗ ಮೂವರೂ ಮನೆಯಲ್ಲೇ ಜೀವ ಬಿಟ್ಟರು. ಫೈಟ್, ಲಿಲಿ ಉಳಿದಿದ್ದರೆ ಏನಾಗಬಹುದಿತ್ತು ಅನ್ನೋದಕ್ಕೆ ಬೇರೆ ಉತ್ತರ ಬೇಡ.

ನಾಟಕದಹುಚ್ಚು:

ಇದು ನನಗೆ ಗೊತ್ತಿರಲಿಲ್ಲ. ಯಾನಿಂಗ್ಸ್ ವಿಷಯದಲ್ಲಿ ಕರಿಬಿಳುಪು ಅವರ ಮಾತೇ ಸರಿ. ಹೆಸರು, ಅವಕಾಶ ಎರಡೂ ಇದ್ದು ಉಳಿದವರನ್ನು ಪ್ರಶ್ನೆ ಮಾಡಲೇಬೇಕು. ಸಣ್ಣಪುಟ್ಟ ಪಾತ್ರದವರ ಬಗ್ಗೆ ನಾನು ಹೇಳಿದ್ದು ಹಾಗೇ ಇರಲಿ.

ಕಬಿನಿತೀರ:

ತಡವಾಗಿ ಬಂದೆ, ಕ್ಷಮಿಸಿ. ಎಚ್.ಡಿ. ಕೋಟೆ ಕಡೆಯವರಾದ ನಮಗೆ ಈ ಫೈಟ್ ಬೇರೆ ದಾರಿಯಿಂದ ಪರಿಚಯ. 'ದಿ ಥೀಫ್ ಆಫ್ ಬಾಗ್ದಾದ್' ನೋಡಿದ್ದೀರಾ, 1940ರದು? ಅದರಲ್ಲಿ ಕಳ್ಳ ಹುಡುಗ ಅಬು ಆಗಿರೋದು ನಮ್ಮ ಸಾಬು. ಮಾಂತ್ರಿಕ ಜಾಫರ್ ಆಗಿರೋದು ಈ ಫೈಟ್.

ಸಾಬು ಹುಟ್ಟಿದ್ದು 1924ರಲ್ಲಿ, ಆಗಿನ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ಅಪ್ಪ ಮಹಾರಾಜರ ಆನೆ ಮಾವುತ. ಅಪ್ಪ ಬೇಗ ತೀರಿಕೊಂಡರು, ಹುಡುಗ ಆನೆ ಲಾಯದಲ್ಲೇ ಬೆಳೆದ. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ತಂಡ 'ಎಲಿಫೆಂಟ್ ಬಾಯ್' ಶೂಟಿಂಗಿಗೆ ಮೈಸೂರಿಗೆ ಬಂದಾಗ ಕಣ್ಣಿಗೆ ಬಿದ್ದ. 1937ರಲ್ಲಿ ಆ ಚಿತ್ರ ಬಂತು, ಅಣ್ಣನ ಜೊತೆ ಇಂಗ್ಲೆಂಡಿಗೆ ಹೋದ. ಎರಡೇ ವರ್ಷದ ಮೇಲೆ ಡೆನಮ್ ಸ್ಟುಡಿಯೋದಲ್ಲಿ ಬರ್ಲಿನ್ ರಂಗದ ಈ ದೈತ್ಯನ ಎದುರು ನಿಂತಿದ್ದ. ಆಗವನಿಗೆ 15 ವರ್ಷ.

ಆ ಚಿತ್ರದಲ್ಲಿ ಜಾಫರ್ ಬರೀ ಕಣ್ಣಿನಿಂದಲೇ ರಾಜನನ್ನು ಕುರುಡ ಮಾಡ್ತಾನೆ, ಅಬುವನ್ನು ನಾಯಿ ಮಾಡ್ತಾನೆ. ಕೊನೆಯಲ್ಲಿ ಜಾಫರ್ ಯಂತ್ರದ ಕುದುರೆ ಏರಿ ಆಕಾಶದಲ್ಲಿ ತಪ್ಪಿಸಿಕೊಳ್ಳುವಾಗ, ಅಬು ಹಾರುವ ಚಾಪೆ ಮೇಲೆ ಬಂದು ಬಾಣ ಹೊಡೆದು ಬೀಳಿಸುತ್ತಾನೆ. ಆ ದೃಶ್ಯ ಎಷ್ಟು ಸಲ ನೋಡಿದರೂ ಖುಷಿ. ಕಾರಾಪುರದ ಹುಡುಗ ಅಲ್ವಾ!

ಯುದ್ಧ ಶುರುವಾಗಿ ಅರ್ಧ ಶೂಟಿಂಗ್ ಲಂಡನ್‌ನಲ್ಲೂ ಉಳಿದಿದ್ದು ಅಮೆರಿಕದಲ್ಲೂ ಆಯ್ತು. ಗ್ರ್ಯಾಂಡ್ ಕ್ಯಾನ್ಯನ್ ಕಾಣುತ್ತೆ ಅದರಲ್ಲಿ. ಮೂರು ಆಸ್ಕರ್ ಬಂತು.

ಸುಮ್ನೆಓದುಗ:

ಡಿಸ್ನಿ 'ಅಲ್ಲಾದ್ದೀನ್' ಜಾಫರ್ ನೋಡಿದರೆ ಈ ಜಾಫರ್ ನೆನಪಾಗದೇ ಇರಲ್ಲ. ಆದರೆ ಒಂದು ಮಾತು ಕೇಳ್ತೇನೆ. ಬಿಳಿಯ ನಟರು ಬಣ್ಣ ಬಳ್ಕೊಂಡು ಅರಬರು, ಭಾರತೀಯರು ಆಗೋದು ನಿಮಗೆಲ್ಲ ಕಸಿವಿಸಿ ಆಗಲ್ವಾ? 'ಡಸ್ ಇಂಡಿಷೆ ಗ್ರಾಬ್‌ಮಾಲ್', 1921ರದು, ಅದರಲ್ಲಿ ಇದೇ ಫೈಟ್ ಭಾರತದ ಮಹಾರಾಜ. ಕ್ರೂರಿ, ಹೊಟ್ಟೆಕಿಚ್ಚಿನವನು, ಹೆಂಡತಿಯನ್ನು ಕೊಲ್ಲೋಕೆ ಗೋರಿ ಕಟ್ಟಿಸುವವನು. ಯೋಗಿಗಳು, ಹುಲಿ, ಮೊಸಳೆ. ನಮ್ಮ ದೇಶ ಅಂದರೆ ಇಷ್ಟೇನಾ ಅನ್ನಿಸಿತು.

ಬರ್ಲಿನ್‌ವಾಸಿ:

ನನಗೂ ಕಸಿವಿಸಿ ಆಯ್ತು. ಆ ಚಿತ್ರದ 'ಭಾರತ' ಇರೋದು ಬರ್ಲಿನ್ ಪಕ್ಕದ ವೋಲ್ಟರ್ಸ್‌ಡಾರ್ಫ್ ಅನ್ನೋ ಊರಲ್ಲಿ. ಅಲ್ಲಿ ದೇವಸ್ಥಾನ, ಅರಮನೆ ಎಲ್ಲ ಸೆಟ್ ಹಾಕಿದ್ದರು. ಚಿತ್ರಕಥೆ ಬರೆದ ಥೇಯಾ ಫಾನ್ ಹಾರ್ಬೂ, ಫ್ರಿಟ್ಸ್ ಲಾಂಗ್, ನಿರ್ದೇಶಕ ಯೋ ಮೇ, ಇವರೆಲ್ಲ ತಮ್ಮ ಕಲ್ಪನೆಯ ಭಾರತವನ್ನೇ ಕಟ್ಟಿದರು. ಯುದ್ಧ ಸೋತು ಹಸಿದಿದ್ದ ಜನಕ್ಕೆ ದೂರದ ದೇಶದ ವೈಭವ ಬೇಕಿತ್ತು. ಅದು ಕಾರಣ, ಸಮರ್ಥನೆ ಅಲ್ಲ.

ಕರಿಬಿಳುಪು:

ಇಬ್ಬರ ಮಾತೂ ಸರಿ. ಆ ಚಿತ್ರವನ್ನು ಭಾರತದ ಚಿತ್ರ ಅಂತ ನೋಡಿದರೆ ಸಿಟ್ಟು ಬರುತ್ತೆ, ಬರಲೇಬೇಕು. ಒಂದು ಮಾತ್ರ ಹೇಳ್ತೇನೆ, ಸುತ್ತ ಅಷ್ಟು ದೊಡ್ಡ ಸೆಟ್ ಇದ್ದಾಗ ಫೈಟ್ ಎಷ್ಟು ಕಡಿಮೆ ಅಲ್ಲಾಡುತ್ತಾನೆ ನೋಡಿ. 'ಬಾಗ್ದಾದ್' ಕಥೆ ಬೇರೆ. ಅಲ್ಲಿ ಕಡೇಪಕ್ಷ ಚಿತ್ರವನ್ನು ಹೊತ್ತು ನಡೆಸಿದ್ದು ಸಾಬು. ಕಬಿನಿತೀರ ಅವರೇ, ಸಾಬು ಆಮೇಲೆ ಅಮೆರಿಕದ ವಾಯುಪಡೆ ಸೇರಿ ಬಿ-24 ವಿಮಾನದಲ್ಲಿ ಗನ್ನರ್ ಆಗಿದ್ದ, ಪದಕವನ್ನೂ ಪಡೆದ ಅನ್ನೋದನ್ನು ನೀವು ಹೇಳಲಿಲ್ಲ!

ಕಬಿನಿತೀರ:

ಹೇಳೋಕೆ ಹೊರಟರೆ ಇದು ಸಾಬು ಚರ್ಚೆ ಆಗಿಬಿಡುತ್ತೆ ಅಂತ ಬಿಟ್ಟೆ. ಅವನದೇ ಒಂದು ಬೇರೆ ಶುರು ಮಾಡ್ತೇನೆ. ನೀವು ಕ್ಯಾಸಾಬ್ಲಾಂಕಾಗೆ ಬನ್ನಿ.

ಕರಿಬಿಳುಪು:

ಬಂದೆ. ಇಂಗ್ಲೆಂಡಿನಲ್ಲಿದ್ದಾಗ ನಿರ್ದೇಶಕ ಮೈಕಲ್ ಪವೆಲ್, ಬರಹಗಾರ ಎಮೆರಿಕ್ ಪ್ರೆಸ್‌ಬರ್ಗರ್ ಜೋಡಿಯ ಜೊತೆ ಎರಡು ಒಳ್ಳೆ ಚಿತ್ರ ಮಾಡಿದ. 1939ರ 'ದಿ ಸ್ಪೈ ಇನ್ ಬ್ಲ್ಯಾಕ್', 1940ರ 'ಕಾಂಟ್ರಾಬ್ಯಾಂಡ್'. ಅಷ್ಟರಲ್ಲಿ ಬ್ರಿಟಿಷ್ ಪ್ರಜೆಯೂ ಆಗಿದ್ದ. ಬ್ರಿಟನ್ನಿನ ಯುದ್ಧದ ಖರ್ಚಿಗೆ ತನ್ನ ಸಂಪಾದನೆಯಲ್ಲಿ ದೊಡ್ಡ ಪಾಲು ಕೊಟ್ಟ. ಆಮೇಲೆ ಅಮೆರಿಕಕ್ಕೆ ಹೋದ. ಅಲ್ಲಿ ಎಲ್ಲರಿಗೂ ಬೇಕಾಗಿದ್ದು ನಾಜಿ ಪಾತ್ರಕ್ಕೆ ಒಬ್ಬ ಜರ್ಮನ್. ಮಾಡ್ತೇನೆ, ಆದರೆ ಆ ಪಾತ್ರ ಖಳನೇ ಆಗಿರಬೇಕು, ಅವನನ್ನು ಒಳ್ಳೆಯವನು ಅಂತ ತೋರಿಸಬಾರದು ಅನ್ನೋದು ಇವನ ಷರತ್ತು.

'ಕ್ಯಾಸಾಬ್ಲಾಂಕಾ'ಗೆ ಎಂಜಿಎಂ ಕಂಪನಿಯಿಂದ ಎರವಲಾಗಿ ಬಂದ. ವಾರಕ್ಕೆ 5,000 ಡಾಲರ್ ಲೆಕ್ಕದಲ್ಲಿ ಐದು ವಾರ. ಆ ಸೆಟ್ಟಿನ ತುಂಬ ಯುರೋಪಿನಿಂದ ಓಡಿ ಬಂದವರೇ ಇದ್ದರು. ಪೀಟರ್ ಲೊರೆ, ಎಸ್.ಜೆಡ್. ಸಕಾಲ್, ಕುರ್ಟ್ ಬೋಯಿಸ್, ಮಾರ್ಸೆಲ್ ದಾಲಿಯೋ, ಮದ್ಲೆನ್ ಲೆಬೋ. ಹೋಟೆಲಿನಲ್ಲಿ ಜರ್ಮನ್ ಅಧಿಕಾರಿಗಳು ತಮ್ಮ ಹಾಡು ಶುರು ಮಾಡಿದಾಗ ಉಳಿದವರೆಲ್ಲ ಎದ್ದು ಫ್ರಾನ್ಸಿನ ರಾಷ್ಟ್ರಗೀತೆ ಹಾಡುವ ದೃಶ್ಯ ಇದೆಯಲ್ಲ, ಅಲ್ಲಿ ಅಳುತ್ತಿರುವವರು ಸುಮ್ನೆ ಅಳ್ತಿಲ್ಲ. ಎದುರು ಬದಿಯಲ್ಲಿ ಸಮವಸ್ತ್ರ ಹಾಕಿ ಹಾಡು ಹೇಳಿಸುವವನೂ ಅವರ ಥರಾನೇ ಮನೆ ಬಿಟ್ಟು ಬಂದವನು.

ಇನ್ನೊಂದು ವಿಷಯ, ಇದನ್ನು ಗಮನಿಸಿದವರು ಕಡಿಮೆ. ಆ ಚಿತ್ರದಲ್ಲಿ ಈವಾನ್ ಅನ್ನೋ ಹುಡುಗಿಯ ಜೊತೆ ಬರುವ ಜರ್ಮನ್ ಅಧಿಕಾರಿ ಒಬ್ಬನಿದ್ದಾನೆ. ಟೈಟಲ್ ಕಾರ್ಡಿನಲ್ಲಿ ಹೆಸರೂ ಇಲ್ಲ. ಅವನು ಹಾನ್ಸ್ ಹೈನ್ರಿಕ್ ಫಾನ್ ಟ್ವಾರ್ಡೋವ್ಸ್ಕಿ. ಕ್ಯಾಲಿಗರಿಯಲ್ಲಿ ಸೀಸರೆ ರಾತ್ರಿ ಕೊಲ್ಲುವ ಆ ಗೆಳೆಯ ಆಲನ್ ಪಾತ್ರ ಇವನದೇ! ನಾಜಿಗಳು ಬಂದ ಮೇಲೆ ಅವನೂ ದೇಶ ಬಿಟ್ಟಿದ್ದ. ಇಪ್ಪತ್ತೆರಡು ವರ್ಷದ ಮೇಲೆ ಇಬ್ಬರೂ ಅಮೆರಿಕದ ಒಂದು ಸ್ಟುಡಿಯೋದಲ್ಲಿ ತಮಗೆ ಆಗದವರ ಸಮವಸ್ತ್ರ ಹಾಕಿಕೊಂಡು ಒಂದೇ ಚಿತ್ರದಲ್ಲಿದ್ದಾರೆ. ಮೂರನೆಯವನು ಕ್ರೌಸ್ ಅಲ್ಲಿ, ಗೋಬೆಲ್ಸ್ ಹತ್ತಿರ.

ಚಿತ್ರ ಎಲ್ಲ ಕಡೆ ಬಿಡುಗಡೆ ಆಗಿದ್ದು 1943ರ ಜನವರಿಯಲ್ಲಿ. ಏಪ್ರಿಲ್ 3ರಂದು ಲಾಸ್ ಏಂಜಲೀಸ್‌ನಲ್ಲಿ ಗಾಲ್ಫ್ ಆಡುತ್ತಿದ್ದಾಗ ಹೃದಯಾಘಾತ ಆಗಿ ಫೈಟ್ ಅಲ್ಲೇ ತೀರಿಕೊಂಡ. ವಯಸ್ಸು ಬರೀ 50. ಮುಂದಿನ ವರ್ಷ ಆ ಚಿತ್ರಕ್ಕೆ ಅತ್ಯುತ್ತಮ ಚಿತ್ರ ಅಂತ ಆಸ್ಕರ್ ಬಂದಿದ್ದು ಅವನಿಗೆ ಗೊತ್ತಾಗಲಿಲ್ಲ, ಹಿಟ್ಲರ್ ಸೋತಿದ್ದೂ ಗೊತ್ತಾಗಲಿಲ್ಲ. ಚಿತಾಭಸ್ಮ ಎಷ್ಟೋ ವರ್ಷ ನ್ಯೂಯಾರ್ಕ್ ಹತ್ತಿರ ಇತ್ತು. 1998ರಲ್ಲಿ ಅವನದನ್ನೂ ಲಿಲಿಯವರದನ್ನೂ ಲಂಡನ್‌ನ ಗೋಲ್ಡರ್ಸ್ ಗ್ರೀನ್‌ಗೆ ತಂದಿಟ್ಟರು.

ಮೊದಲಸಾಲು:

ಇಷ್ಟು ಓದಿದ ಮೇಲೆ ಮತ್ತೆ ನೋಡಬೇಕು ಅನ್ನಿಸ್ತಿದೆ. ಮೂಕಿ ಚಿತ್ರ ಅಭ್ಯಾಸ ಇಲ್ಲದ ನನ್ನಂಥವರು ಯಾವುದರಿಂದ ಶುರು ಮಾಡಬೇಕು? ಮನೆಯಲ್ಲಿ ಮಕ್ಕಳೂ ಕೂರ್ತಾರೆ.

ಕರಿಬಿಳುಪು:

ಮಕ್ಕಳಿದ್ದರೆ ಕಣ್ಣು ಮುಚ್ಚಿ 'ದಿ ಥೀಫ್ ಆಫ್ ಬಾಗ್ದಾದ್' ಹಾಕಿ. ಬಣ್ಣದ ಚಿತ್ರ, ಮಾತಿದೆ, ಭೂತ ಇದೆ, ಚಾಪೆ ಹಾರುತ್ತೆ. ಮಕ್ಕಳು ಮಲಗಿದ ಮೇಲೆ ನಿಮಗೆ 'ದಿ ಸ್ಪೈ ಇನ್ ಬ್ಲ್ಯಾಕ್'. ಅದರಲ್ಲಿ ಅವನು ಮೊದಲ ಮಹಾಯುದ್ಧದ ಜರ್ಮನ್ ಸಬ್‌ಮೆರಿನ್ ಕ್ಯಾಪ್ಟನ್, ಶತ್ರುವಾದರೂ ನಮಗೆ ಅವನ ಮೇಲೆ ಗೌರವ ಹುಟ್ಟುತ್ತೆ. ಆಮೇಲೆ 'ದಿ ಮ್ಯಾನ್ ಹೂ ಲಾಫ್ಸ್', ಮೂಕಿಗೆ ಕಾಲಿಡೋಕೆ ಅದೇ ಸುಲಭ. ಕ್ಯಾಲಿಗರಿ ನೋಡೋದಾದರೆ 2014ರಲ್ಲಿ ಸರಿಪಡಿಸಿದ ಪ್ರತಿಯನ್ನೇ ಹುಡುಕಿ, ಹಳೇ ಮಸುಕು ಪ್ರತಿಯಲ್ಲಿ ಆ ಕಣ್ಣು ತೆರೆಯುವ ದೃಶ್ಯ ಅರ್ಧ ಹೋಗಿಬಿಡುತ್ತೆ.

1942ರ 'ನಾಜಿ ಏಜೆಂಟ್' ಸಿಕ್ಕರೆ ಅದನ್ನೂ ನೋಡಿ. ದೊಡ್ಡ ಚಿತ್ರ ಏನಲ್ಲ, ಒಂದೂವರೆ ಗಂಟೆ ಕೂಡ ಇಲ್ಲ. ಆದರೆ ಅದರಲ್ಲಿ ಫೈಟ್‌ದು ಅವಳಿ ಪಾತ್ರ. ಒಬ್ಬ ನಾಜಿ ಅಧಿಕಾರಿ, ಇನ್ನೊಬ್ಬ ಅಮೆರಿಕದಲ್ಲಿ ಪುಸ್ತಕ, ಅಂಚೆಚೀಟಿ ಮಾರಿಕೊಂಡು ಇರುವ ಸಾಧು ಮನುಷ್ಯ. ಇಬ್ಬರೂ ಒಂದೇ ಕೋಣೆಯಲ್ಲಿ ಎದುರು ಬದುರು ಕೂತು ಮಾತಾಡುವ ದೃಶ್ಯ ಇದೆ. ಗಡ್ಡ, ಬಟ್ಟೆ ಬಿಟ್ಟು ಬರೀ ಕೂರುವ ರೀತಿ, ದನಿ ನೋಡಿಯೇ ಯಾರು ಯಾರು ಅಂತ ಹೇಳಬಹುದು. ನೋಡಿ ಬಂದು ಇಲ್ಲೇ ಬರೆಯಿರಿ, ಮುಂದುವರಿಸೋಣ.